ಕ್ಯಾಪ್ಟನ್ ರಘುವೀರರ ಆಸನ

ಕ್ಯಾಪ್ಟನ್ ರಘುವೀರರಿಗೆ ಈಜು ಬರುತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೋಣಿ ಕಂಡರೆ ಅವರು ದಾರಿ ಬದಲಿಸುತ್ತಿದ್ದರು. ಐವತ್ತೆರಡು ವರ್ಷಗಳ ಬಾಳಿನಲ್ಲಿ ಅವರು ಕಡಲಿಗೆ ಇಳಿದದ್ದು ಒಂದೇ ಸಲ, ಅದೂ ಮೊಣಕಾಲಿನವರೆಗೆ, ಮಾವನವರ ಅಸ್ಥಿ ಬಿಡಲು. ಆಗಲೂ ಅಸ್ಥಿಗಿಂತ ಮೊದಲು ಅವರ ಕನ್ನಡಕ ಹೋಯಿತು. ಇಂಥವರು ಕ್ಯಾಪ್ಟನ್ ಆದದ್ದು ಹೇಗೆ ಎಂದು ಕೇಳಿದರೆ, ಟೋಪಿಯಿಂದ. ದೊಡ್ಡ ದೊಡ್ಡ ಹುದ್ದೆಗಳಿಗೆ ಜನ ಏರುವುದೂ ಹೆಚ್ಚುಕಡಿಮೆ ಹೀಗೆಯೇ ಎಂದು ನನ್ನ ಅನುಮಾನ.

ಹಡಗಿನ ಕಥೆ ಮೊದಲು. ಎರ್ಮಾಳಿನ ಕಡಲತಡಿಯಲ್ಲಿ ಒಂದು ಹಳೆಯ ಮಂಜಿ ಇದೆ. ಮಂಜಿ ಎಂದರೆ ಹಾಯಿ ಕಟ್ಟಿ ಸರಕು ಸಾಗಿಸುತ್ತಿದ್ದ ಮರದ ಹಡಗು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ, ಹಂಚು ಹೊತ್ತು ಮುಂಬಯಿಗೆ ಹೋಗಿಬರುತ್ತಿದ್ದ ಈ ಮಂಜಿ ಆಮೇಲೆ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಹೂತು ಮಲಗಿತ್ತು. ಎರಡು ಮಳೆಗಾಲದ ಹಿಂದೆ ಕಡಲ್ಕೊರೆತ ಹೊಯಿಗೆಯನ್ನು ಎಳೆದುಕೊಂಡು ಹೋದಾಗ ಅರ್ಧ ಮೈ ತೋರಿಸಿತು. ಒಡನೆ ಉಡುಪಿ, ಮಣಿಪಾಲ, ಇನ್ನಂಜೆಗಳ ಹನ್ನೊಂದು ಮಂದಿ ಸಜ್ಜನರು ಸೇರಿ ‘ಯುದ್ಧಕಾಲದ ಹಡಗು ಸಂರಕ್ಷಣಾ ಸಮಿತಿ’ಯನ್ನು ಕಟ್ಟಿದರು. ಪ್ರತಿ ಆದಿತ್ಯವಾರ ಬೆಳಗ್ಗೆ ಎಂಟಕ್ಕೆ ಮರ ಕೆರೆಯುವುದು, ಒಂಬತ್ತಕ್ಕೆ ಎಣ್ಣೆ ಹಚ್ಚುವುದು, ಹತ್ತಕ್ಕೆ ಚಾ, ಗೋಳಿಬಜೆ. ಹನ್ನೊಂದು ಮಂದಿಯಲ್ಲಿ ಕಡಲಿನವರು ಒಬ್ಬರೂ ಇರಲಿಲ್ಲ. ಕಡಲಿನವರಿಗೆ ಆದಿತ್ಯವಾರ ಮಾಡಲು ಬೇರೆ ಕೆಲಸವಿರುತ್ತದೆ.

ಅಧ್ಯಕ್ಷರು ಇನ್ನಂಜೆಯ ಹಯಗ್ರೀವ ಭಟ್ಟರು. ಪೌರೋಹಿತ್ಯ ಅವರ ವೃತ್ತಿ, ವಾಸ್ತು ಅವರ ಚಟ. ಮೊದಲನೆಯ ದಿನವೇ ಹಡಗಿನ ಮುಂಭಾಗ ಯಾವುದು ಎಂಬ ಪ್ರಶ್ನೆ ಎದ್ದಿತು. ಒಂದು ತುದಿ ಊರ ಕಡೆಗೆ, ಇನ್ನೊಂದು ಕಡಲ ಕಡೆಗೆ. ಎರಡೂ ಮುರಿದು ಒಂದೇ ತರಹ ಕಾಣುತ್ತಿದ್ದವು. ಭಟ್ಟರು ಮೊಬೈಲಿನ ದಿಕ್ಸೂಚಿ ತೆಗೆದರು.

“ಇದರಲ್ಲಿ ಯೋಚಿಸುವುದು ಎಂತ ಉಂಟು? ಮುಖ ಎಂಬುದು ಇದ್ದರೆ ಅದು ಪೂರ್ವಕ್ಕೆ. ಊರ ಕಡೆಯದ್ದೇ ಮುಂಭಾಗ. ತೆಂಗಿನಕಾಯಿ ತನ್ನಿ.”

ಆಗ ಕಡಲ ಬದಿಯ ತುದಿಯಲ್ಲಿ ಕುಳಿತಿದ್ದ ಮುದುಕರೊಬ್ಬರು ಕೈ ಎತ್ತಿದರು. “ಭಟ್ರೆ, ಒಂದು ಮಾತುಂಟು.”

“ಆಮೇಲೆ ಅಜ್ಜಾ, ಆಮೇಲೆ. ಮುಹೂರ್ತ ದಾಟುತ್ತದೆ,” ಎಂದರು ಭಟ್ಟರು, ಮತ್ತು ಕಾಯಿ ಒಡೆದರು.

ಅವರು ಬೂಬಜ್ಜ. ಈಗ ವಯಸ್ಸು ತೊಂಬತ್ತೆಂಟು. ಅಂದಿನಿಂದ ಬೂಬಜ್ಜ ಪ್ರತಿ ಆದಿತ್ಯವಾರ ಅಲ್ಲಿಯೇ ಬಂದು ಕೂರುತ್ತಿದ್ದರು. ಆ ತುದಿ ಹೇಗೂ ಹಡಗಿನ ಹಿಂಭಾಗ ಎಂದು ತೀರ್ಮಾನವಾಗಿತ್ತಲ್ಲ; ಸಮಿತಿಯವರು ಚಪ್ಪಲಿ ಬಿಡುವುದು, ಚಾದ ಕಪ್ಪು ಎಸೆಯುವುದು, ಕೆರೆದ ಹುಡಿ ಸುರಿಯುವುದು ಎಲ್ಲ ಅಲ್ಲಿಗೇ. ಅಜ್ಜ ಚಪ್ಪಲಿ ಕಾಯಲು ಬರುತ್ತಾರೆ ಎಂದು ಎಲ್ಲರೂ ತಿಳಿದರು. ಅವರಿಗೆ ಎರಡು ಗೋಳಿಬಜೆ ಕೊಡುವುದು ಸಮಿತಿಯ ಔದಾರ್ಯಗಳಲ್ಲಿ ಒಂದಾಗಿತ್ತು.

ಅಜ್ಜನ ಮಗಳು ಅಮ್ಮಣ್ಣಿ, ಎಪ್ಪತ್ತು ವರ್ಷ, ಉಚ್ಚಿಲ ಪೇಟೆಯಲ್ಲಿ ಮೀನು ಮಾರುವವಳು. ತಂದೆಯನ್ನು ಕರೆದುಕೊಂಡು ಹೋಗಲು ಬರುವಾಗಲೆಲ್ಲ ಒಂದು ಮಾತು ಬಿಟ್ಟು ಹೋಗುತ್ತಿದ್ದಳು.

“ಭಟ್ರೆ, ಅದಕ್ಕೆ ಎಳ್ಳೆಣ್ಣೆ ಹಚ್ಚುವುದಾ? ಹಡಗಿಗೆ ಎಂತ ಶನಿ ಹಿಡಿದಿದೆಯಾ? ಬೂತಾಯಿ ಎಣ್ಣೆ ಹಚ್ಚಿ. ಇಲ್ಲದಿದ್ದರೆ ಹುಳ ತಿನ್ನುತ್ತದೆ.”

“ಮೀನೆಣ್ಣೆಯಾ!” ಭಟ್ಟರು ಮೂಗಿಗೆ ಶಾಲು ಒತ್ತಿಕೊಂಡರು. “ಹೆಂಗಸೇ, ಇದು ಸಂರಕ್ಷಣೆ. ಸಾತ್ವಿಕವಾಗಿ ನಡೆಯಬೇಕು.”

ಹಡಗಿಗೆ ಸಾತ್ವಿಕವಾಗಿ ಇರುವೆ ಹಿಡಿಯಿತು.

ಇನ್ನು ರಘುವೀರ. ಉಡುಪಿಯ ಒಂದು ಶಾಲೆಯಲ್ಲಿ ಗುಮಾಸ್ತ. ಮುತ್ತಿನಂಥ ಅಕ್ಷರ. ಇಪ್ಪತ್ತೇಳು ವರ್ಷಗಳಿಂದ ಬಹುಮಾನ ಪತ್ರಗಳ ಮೇಲೆ ಬೇರೆಯವರ ಹೆಸರು ಬರೆಯುವುದು ಅವರ ಕೆಲಸ; ಬರೆದದ್ದು ಯಾರು ಎಂದು ಒಬ್ಬರೂ ಕೇಳಿರಲಿಲ್ಲ. ಸಮಿತಿಗೆ ಸೇರಿದ್ದು ಆದಿತ್ಯವಾರ ಮನೆಯಲ್ಲಿ ತೆಂಗಿನಕಾಯಿ ತುರಿಯುವುದನ್ನು ತಪ್ಪಿಸಿಕೊಳ್ಳಲು. ಆದರೆ ತಾನೇ ಕೆರೆದು ನುಣುಪು ಮಾಡಿದ ಹಲಗೆಗಳ ಮೇಲೆ ಅವರಿಗೆ ಕ್ರಮೇಣ ಒಂದು ಬಗೆಯ ಅಕ್ಕರೆ ಹುಟ್ಟಿತು. ನೆತ್ತಿ ಬೋಳಾದ್ದರಿಂದ ಬಿಸಿಲು ತಡೆಯದೆ ಮಲ್ಪೆ ಬೀಚಿನಲ್ಲಿ ಒಂದು ಟೋಪಿ ಕೊಂಡರು. ಬಿಳಿ ಬಟ್ಟೆ, ಕಪ್ಪು ಅಂಚು, ಹಣೆಯ ಮೇಲೆ ಚಿನ್ನದ ಬಣ್ಣದ ಲಂಗರು. ಅಂಗಡಿಯಲ್ಲಿ ಉಳಿದದ್ದು ಅದೊಂದೇ. ಇನ್ನೊಂದರ ಮೇಲೆ ಮಿಕ್ಕಿ ಮೌಸ್ ಇತ್ತು. ಆ ದಿನ ಅವರು ಮಿಕ್ಕಿ ಮೌಸನ್ನು ಆರಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಊರ ಕಡೆಯ ತುದಿಯಲ್ಲಿ ಹಡಗಿನ ಹೊರಗೆ ಚಾಚಿಕೊಂಡ ಎರಡು ದಪ್ಪ ಮರಗಳಿದ್ದವು, ಅವುಗಳ ನಡುವೆ ಒಂದು ಕಿಂಡಿ. ಬಹಳ ಅಧ್ಯಯನದ ನಂತರ ಭಟ್ಟರು ಅದು ‘ಕ್ಯಾಪ್ಟನ್‌ನ ಆಸನ’ ಎಂದು ಘೋಷಿಸಿದ್ದರು. “ಇಲ್ಲಿ ಕುಳಿತು ದಿಗಂತ ನೋಡುತ್ತಿದ್ದರು.” ಒಂದು ಆದಿತ್ಯವಾರ ಪತ್ರಿಕೆಯ ವರದಿಗಾರ ರೂಪೇಶ್ ಬಂದ. ಟೋಪಿ ಹಾಕಿದ್ದ ರಘುವೀರರನ್ನು ಆ ಆಸನದಲ್ಲಿ ಕೂರಿಸಿ, ಕೈಯನ್ನು ಹುಬ್ಬಿನ ಮೇಲೆ ಇರಿಸಿ ಫೋಟೋ ತೆಗೆದ. ದಡದಲ್ಲಿ ಬಲೆ ನೇಯುತ್ತಿದ್ದವರು ಒಬ್ಬರನ್ನೊಬ್ಬರು ತಿವಿದು ಕಡಲ ಕಡೆಗೆ ತಿರುಗಿದರು. ಅವರ ಹೆಗಲುಗಳು ಅಲುಗುತ್ತಿದ್ದವು. ಗೌರವದಿಂದ ಇರಬೇಕು ಎಂದುಕೊಂಡರು ರಘುವೀರ.

ಮರುದಿನ ಪತ್ರಿಕೆಯಲ್ಲಿ ಮೂರು ಕಾಲಮ್ಮಿನ ಚಿತ್ರ. ಅಡಿಯಲ್ಲಿ: ‘ಎರಡನೇ ಮಹಾಯುದ್ಧದ ಹಡಗಿನಲ್ಲಿ ಕ್ಯಾಪ್ಟನ್ ರಘುವೀರ.’

ತಿದ್ದುಪಡಿ ಕೇಳಬೇಕೆಂದು ಅವರು ಫೋನು ಕೈಗೆತ್ತಿಕೊಂಡದ್ದು ಸತ್ಯ. ಅಷ್ಟರಲ್ಲಿ ಅದೇ ಬಡಿದುಕೊಂಡಿತು. ಕಾರ್ಕಳದಿಂದ ಅತ್ತೆ.

“ನೀವು ಕಡಲು ದಾಟಿದ್ದೀರಂತೆ! ನಮಗೆ ಒಂದು ಮಾತೂ ಹೇಳಲಿಲ್ಲ! ಪ್ರಾಯಶ್ಚಿತ್ತ ಆಗಿದೆಯಾ?”

“ಇಲ್ಲ ಅತ್ತೆ, ಅದು…”

“ಆಗಿಲ್ವಾ? ಹಾಗಾದರೆ ಮೊನ್ನೆ ಶ್ರಾದ್ಧಕ್ಕೆ ಬಂದು ಎರಡನೇ ಪಂಕ್ತಿಯಲ್ಲಿ ಕುಳಿತದ್ದು ಹೇಗೆ? ಇರಲಿ, ಇರಲಿ. ಕ್ಯಾಪ್ಟನ್ ಅಂತಾದರೆ ಮೊದಲನೇ ಪಂಕ್ತಿಯಲ್ಲೇ ಕೂರಬಹುದಿತ್ತು.”

ಅತ್ತೆ ಅವರನ್ನು ಮೊದಲನೇ ಪಂಕ್ತಿಗೆ ಏರಿಸಿದ್ದು ಮದುವೆಯಾದ ಮೇಲೆ ಇದೇ ಮೊದಲು. ಅವರು ಫೋನನ್ನು ಮೆಲ್ಲಗೆ ಕೆಳಗಿಟ್ಟರು.

ಪಕ್ಕದ ಮನೆಯ ನಳಿನಾಕ್ಷಿಯಮ್ಮ ಪತ್ರಿಕೆ ಹಿಡಿದುಕೊಂಡೇ ಬಂದರು. ಬೆರಳೆಣಿಸಿ ಲೆಕ್ಕ ಹಾಕಿದ್ದರು. “ಶ್ರೀವಾಣೀ, ಯುದ್ಧದಲ್ಲಿ ಕ್ಯಾಪ್ಟನ್ ಅಂದರೆ ನಿನ್ನ ಗಂಡನಿಗೆ ಈಗ ನೂರಹತ್ತಾದರೂ ಆಗಿರಬೇಕು. ಎಂತ ತಿನ್ನಲು ಕೊಡುತ್ತೀ ಮಾರಾಯ್ತಿ?”

“ಒಂದೆಲಗದ ತಂಬುಳಿ,” ಎಂದಳು ಶ್ರೀವಾಣಿ, ಮುಖಭಾವ ಬದಲಿಸದೆ. ಶ್ರೀವಾಣಿ ಇಪ್ಪತ್ತೈದು ವರ್ಷಗಳಿಂದ ಗುಮಾಸ್ತನ ಹೆಂಡತಿಯಾಗಿದ್ದವಳು. ಒಂದು ವಾರವಾದರೂ ಕ್ಯಾಪ್ಟನ್‌ನ ಹೆಂಡತಿಯಾಗುವ ಅವಕಾಶವನ್ನು ನಿಜದ ಹೆಸರಿನಲ್ಲಿ ಹಾಳುಮಾಡುವಷ್ಟು ಮೂರ್ಖಳಲ್ಲ. ಆ ಫೋಟೋಕ್ಕೆ ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದಳು.

ವಾರ ತಿಂಗಳಾಯಿತು. ಶಾಲೆಯಲ್ಲಿ ಹೆಡ್‌ಮಾಸ್ಟರು ಎದ್ದು ನಿಂತು ಮಾತಾಡಿಸತೊಡಗಿದರು. ಕಾಪುವಿನ ಹೊಟೇಲಿನಲ್ಲಿ ಕೇಳದೆಯೇ ಎರಡನೇ ಸಲ ಸಾಂಬಾರು ಬಂತು. ಹಯಗ್ರೀವ ಭಟ್ಟರಿಗೆ ನಿಜ ಗೊತ್ತಿತ್ತು. ಆದರೆ ಸಮಿತಿಯ ಪತ್ರದ ತಲೆಬರಹದಲ್ಲಿ ‘ಸಲಹೆಗಾರರು: ಕ್ಯಾಪ್ಟನ್ ರಘುವೀರ’ ಎಂದು ಅಚ್ಚು ಹಾಕಿಸಿಯಾಗಿತ್ತು. ಅಚ್ಚಾದದ್ದನ್ನು ಅಲ್ಲಗಳೆಯುವ ಅಭ್ಯಾಸ ಭಟ್ಟರ ಮನೆತನದಲ್ಲೇ ಇರಲಿಲ್ಲ.

ಹೀಗಿರುವಾಗ ಮಾರ್ಚ್ ಕೊನೆಗೆ ಎಂಜಿನಿಯರ್ ಲೊರ್ನಾ ಮೇಡಂ ಬಂದರು. ಕಡಲ್ಕೊರೆತಕ್ಕೆ ತಡೆಗೋಡೆ ಕಟ್ಟುವ ಕೆಲಸ ಅವರ ಕೈಯಲ್ಲಿತ್ತು. ನಕ್ಷೆ ಬಿಡಿಸಿ ತೋರಿಸಿದರು. ಕಲ್ಲುಗಳ ಸಾಲು ಹಡಗಿನ ನಡುಬೆನ್ನಿನ ಮೇಲೆಯೇ ಹಾದುಹೋಗಿತ್ತು.

“ನೀವು ಎಂತೆಂತ ಹೇಳಿದರೂ ಮೇಲಿನವರಿಗೆ ಇದು ಸೌದೆ,” ಎಂದರು ಲೊರ್ನಾ. “ಯುದ್ಧದ ಕಾಲದ ಸರಕಿನ ಹಡಗೇ ಹೌದು ಅಂತ ಒಂದು ಸಾಕ್ಷಿ ಕೊಡಿ. ನಾನು ಗೋಡೆಯನ್ನು ಸುತ್ತು ಬಳಸಿ ತರುತ್ತೇನೆ. ಆರನೇ ತಾರೀಕಿಗೆ ಕಲ್ಲಿನ ಲಾರಿ ಬರುತ್ತದೆ. ಅದರ ಮೊದಲು ಆಗಬೇಕು.”

“ಐದಕ್ಕೇ ನಮ್ಮ ಕಾರ್ಯಕ್ರಮ ಉಂಟಲ್ಲ!” ಎಂದರು ಭಟ್ಟರು. “ಏಪ್ರಿಲ್ ಐದು, ಕಡಲಯಾನ ದಿನ. ಸರಕಿನ ಹಡಗುಗಳಲ್ಲಿ ದುಡಿದ ನಾವಿಕರ ಗೌರವಾರ್ಥ ಸನ್ಮಾನ. ನೀವೇ ಮುಖ್ಯ ಅತಿಥಿ. ಸಾಕ್ಷಿ ನಮ್ಮ ಕ್ಯಾಪ್ಟನ್ ಹೇಳುತ್ತಾರೆ.”

ಲೊರ್ನಾ ಟೋಪಿಯನ್ನು ನೋಡಿದರು. “ಹೌದಾ ಕ್ಯಾಪ್ಟನ್? ಬಹಳ ಸಂತೋಷ. ನನ್ನ ಡ್ಯಾಡಿಯೂ ಮೂವತ್ತು ವರ್ಷ ಶಿಪ್ಪಿನಲ್ಲಿದ್ದರು.”

ರಘುವೀರ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡರು.

ಸನ್ಮಾನವಿಲ್ಲದೆ ನಮ್ಮಲ್ಲಿ ಯಾವುದೂ ನಡೆಯುವುದಿಲ್ಲ, ಆದ್ದರಿಂದ ಏಪ್ರಿಲ್ ಐದರಂದು ಶಾಮಿಯಾನ, ಮೈಕು, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಬಂದವು. ಸನ್ಮಾನ ಪತ್ರವನ್ನು ಬರೆಯಲು ಸಮಿತಿಯಲ್ಲಿ ಒಳ್ಳೆಯ ಅಕ್ಷರದವರು ಒಬ್ಬರೇ ಇದ್ದುದರಿಂದ ರಘುವೀರರೇ ಕುಳಿತು ‘ಸಾಗರಸಿಂಹ ಕ್ಯಾಪ್ಟನ್ ರಘುವೀರರಿಗೆ’ ಎಂದು ಶುರುಮಾಡಿ ತಮ್ಮನ್ನು ಇಪ್ಪತ್ತೆರಡು ಸಾಲು ಹೊಗಳಿಕೊಂಡಿದ್ದರು. ಹೊಗಳಿಕೆಯ ಸಾಲುಗಳು ಭಟ್ಟರವು, ಅಕ್ಷರಗಳು ಮಾತ್ರ ಅವರವು. ಮುಂದಿನ ಸಾಲಿನಲ್ಲಿ ಶ್ರೀವಾಣಿ, ರೇಷ್ಮೆ ಸೀರೆ. ಕಾರ್ಕಳದ ಅತ್ತೆ, ಅವರದ್ದೂ ರೇಷ್ಮೆ ಸೀರೆ. ಹಿಂದೆ ಎರ್ಮಾಳಿನ ಕಡಲಿನವರೆಲ್ಲ ಬಂದು ನಿಂತಿದ್ದರು. ಎರಡು ವರ್ಷದಲ್ಲಿ ಸಮಿತಿಯ ಕಾರ್ಯಕ್ರಮಕ್ಕೆ ಅವರು ಬಂದದ್ದು ಇದೇ ಮೊದಲು. ಇವತ್ತು ಏನೋ ಆಗುತ್ತದೆ ಎಂದು ಗಾಳಿಯಲ್ಲೇ ಅವರಿಗೆ ಗೊತ್ತಾಗುತ್ತದೆ.

ಲೊರ್ನಾ ನೇರ ವಿಷಯಕ್ಕೆ ಬಂದರು. “ಕ್ಯಾಪ್ಟನ್, ಮೊದಲು ಹಡಗು ತೋರಿಸಿ. ಇದರ ಮುಂಭಾಗ ಯಾವುದು?”

ರಘುವೀರ ಹೂಮಾಲೆ ಹಾಕಿ ದೀಪ ಹಚ್ಚಿದ್ದ ಊರ ಕಡೆಯ ತುದಿಯನ್ನು ತೋರಿಸಿದರು.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು ಅಂಟುರೋಗದಂತೆ ಹಬ್ಬಿತು.

“ಸರಿ.” ಲೊರ್ನಾ ಒಂದು ಕಾಗದವನ್ನೂ ಪೆನ್ನನ್ನೂ ಕೊಟ್ಟರು. “ನೀವು ಹೇಳುವುದನ್ನು ಬರೆದುಕೊಡಿ. ಇದು ಯುದ್ಧಕಾಲದ ಹಡಗು, ಇದು ಇದರ ಮುಂಭಾಗ, ಇದು ನಾನು ಬಲ್ಲ ಸತ್ಯ. ಅಡಿಯಲ್ಲಿ ಕ್ಯಾಪ್ಟನ್ ಅಂತ ಸಹಿ. ನಾಳೆ ಇದು ಸುಳ್ಳು ಅಂತಾದರೆ ನನ್ನ ಕೆಲಸ ಹೋಗುತ್ತದೆ, ಆಯ್ತಲ್ಲ?”

ರಘುವೀರ ಬರೆದರು. ಅಷ್ಟು ಚಂದದ ಅಕ್ಷರವನ್ನು ಲೊರ್ನಾ ಈ ಹಿಂದೆ ಕಂಡಿರಲಿಲ್ಲ. ಕೊನೆಗೆ ಸಹಿಯ ಜಾಗದಲ್ಲಿ ‘ಕ್ಯಾ’ ಎಂದು ಬರೆದು ಪೆನ್ನು ನಿಂತಿತು. ಭಟ್ಟರು ಕಣ್ಣಿನಲ್ಲೇ ‘ಪ್ಟನ್’ ಎಂದರು. ಅತ್ತೆ ಸೆರಗು ಸರಿಮಾಡಿಕೊಂಡರು. ಪೆನ್ನು ಅಲ್ಲಾಡಲಿಲ್ಲ.

“ಮೇಡಂ,” ಎಂದರು ರಘುವೀರ, ಮೈಕಿನಲ್ಲೇ, ಏಕೆಂದರೆ ಮೈಕು ಅವರ ಬಾಯಿಯ ಮುಂದೆಯೇ ಇತ್ತು. “ನಾನು ಕ್ಯಾಪ್ಟನ್ ಅಲ್ಲ. ಶಾಲೆಯ ಗುಮಾಸ್ತ. ಟೋಪಿ ಮಲ್ಪೆಯದ್ದು.”

ಅತ್ತೆ ಎದ್ದು ನಿಂತರು. “ಹಾಗಾದರೆ ಕಡಲು ದಾಟಿಲ್ವಾ?”

“ಇಲ್ಲ ಅತ್ತೆ.”

“ಅಯ್ಯೋ, ನಾನು ಕಳೆದ ವಾರ ನಿಮ್ಮ ಹೆಸರಿನಲ್ಲಿ ಪ್ರಾಯಶ್ಚಿತ್ತ ಮಾಡಿಸಿದೆನಲ್ಲ!”

“ಅದು ಇರಲಿ, ಮುಂದಕ್ಕೆ ಬೇಕಾಗುತ್ತದೆ,” ಎಂದಳು ಶ್ರೀವಾಣಿ, ತಾಯಿಯನ್ನು ಕೈ ಹಿಡಿದು ಕೂರಿಸುತ್ತ.

ಲೊರ್ನಾ ಕಾಗದವನ್ನು ಮಡಚಿದರು. “ನನಗೆ ಆವತ್ತೇ ಗೊತ್ತಾಗಿತ್ತು. ನಿಮ್ಮ ಫೋಟೋ ನೋಡಿದ್ದೆ. ದಿಗಂತ ನೋಡುವವರು ಕಡಲಿಗೆ ಬೆನ್ನು ಹಾಕಿ ಕೂರುವುದಿಲ್ಲ. ನೀವು ಸಹಿ ಹಾಕಿದ್ದರೆ ನಾನು ಹೀಗೆಯೇ ಎದ್ದು ಹೋಗುತ್ತಿದ್ದೆ. ಈಗಲೂ ಹೋಗಬೇಕಾಗುತ್ತದೆ. ಈ ಹಡಗಿನಲ್ಲಿ ಹೋದವರು ಯಾರೂ ಇಲ್ವಾ?”

ಸಮಿತಿಯ ಹನ್ನೊಂದೂ ಮಂದಿ ತಮ್ಮ ತಮ್ಮ ಕಾಲುಗಳನ್ನು ನೋಡಿಕೊಂಡರು. ಕಾಲುಗಳಲ್ಲಿ ಚಪ್ಪಲಿ ಇರಲಿಲ್ಲ. ಚಪ್ಪಲಿಗಳು ಇದ್ದ ಕಡೆಯಿಂದ ಒಂದು ಕೈ ಮೇಲಕ್ಕೆ ಎದ್ದಿತು.

“ಭಟ್ರೆ,” ಎಂದರು ಬೂಬಜ್ಜ. “ಈಗ ಆಮೇಲೆ ಆಯಿತಾ?”

ಭಟ್ಟರಿಗೆ ಅರ್ಥವಾಗಲಿಲ್ಲ.

“ನೀವು ಆಮೇಲೆ ಹೇಳಿ ಅಂದಿದ್ದಿರಿ. ಎರಡು ವರ್ಷ ಆಯಿತು. ನಾನು ಕಾಯ್ತಾ ಇದ್ದೆ. ನನಗೂ ಪ್ರಾಯ ಆಯಿತು ನೋಡಿ.”

ಅಮ್ಮಣ್ಣಿ ತಂದೆಯ ತೋಳು ಹಿಡಿದು ಎಬ್ಬಿಸಿದಳು. ಬೂಬಜ್ಜ ಊರುಗೋಲಿನಿಂದ ತಾವು ಕುಳಿತಿದ್ದ ತುದಿಯನ್ನು ತಟ್ಟಿದರು. “ತಲೆ ಇದು. ನೀವು ಹೂ ಹಾಕಿದ್ದು ಬಾಲಕ್ಕೆ.”

“ಅದು ಪೂರ್ವ ಅಲ್ವಾ ಅಜ್ಜಾ!” ಭಟ್ಟರ ಸ್ವರ ಏರಿತು.

“ಕಡಲಿರುವುದು ಪಡುವಣಕ್ಕೆ ಭಟ್ರೆ. ದಡಕ್ಕೆ ಎಳೆದ ಮೇಲೆ ತಿರುಗಿಸಿ ಕಡಲಿಗೆ ಮುಖ ಮಾಡಿ ಇಡುವುದು ನಮ್ಮ ಕ್ರಮ. ನೀವು ಹೇಳಿದ ಹಾಗೆ ಪೂರ್ವಕ್ಕೆ ಹೋದರೆ ಕಾರ್ಕಳ ಸಿಗುತ್ತದೆ.”

“ಆದರೂ ಪಶ್ಚಿಮಕ್ಕೆ ಮುಖ ಅಂದರೆ, ಶಾಸ್ತ್ರದಲ್ಲಿ…”

“ಹೌದಾ?” ಎಂದಳು ಅಮ್ಮಣ್ಣಿ, ಸೊಂಟಕ್ಕೆ ಕೈಯಿಟ್ಟು. “ನಿಮ್ಮ ಉಡುಪಿ ಕೃಷ್ಣ ಯಾವ ಕಡೆಗೆ ನೋಡುವುದು ಭಟ್ರೆ?”

ಪಶ್ಚಿಮಕ್ಕೆ. ಅದು ಉಡುಪಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಹಯಗ್ರೀವ ಭಟ್ಟರು ಮೂವತ್ತು ವರ್ಷ ಆ ಕೃಷ್ಣನಿಗೆ ಪಶ್ಚಿಮದಲ್ಲೇ ನಿಂತು ಕೈಮುಗಿದವರು. ಅವರು ಮೊಬೈಲನ್ನು ತೆಗೆದು ದಿಕ್ಸೂಚಿಯನ್ನು ಮುಚ್ಚಿ ಕಿಸೆಯಲ್ಲಿಟ್ಟುಕೊಂಡರು.

ಲೊರ್ನಾ ಬೂಬಜ್ಜನ ಹತ್ತಿರ ಬಂದು ಮಂಡಿಯೂರಿದರು. “ಅಜ್ಜಾ, ಸಾಕ್ಷಿ ಎಂತ ಉಂಟು?”

“ನಂಬರುಂಟು. ಒಳಗೆ ತಲೆಯ ಹತ್ತಿರದ ಅಡ್ಡತೊಲೆಯಲ್ಲಿ ಕೆತ್ತಿದ್ದಾರೆ, ವರ್ಷದ ಜೊತೆ. ನಾನು ಈ ಹಡಗು ಹತ್ತಿದಾಗ ನನಗೆ ಹದಿನಾರು. ಅನ್ನ ಬೇಯಿಸುವುದು, ನಂಬರು ಕೂಗುವುದು, ಅದು ನನ್ನ ಕೆಲಸ. ಹಡಗು ನಡೆಸುವ ತಾಂಡೇಲನಿಗೆ ಸ್ವರ ಕಮ್ಮಿ. ದೀಪ ಹಚ್ಚಬಾರದು ಅಂತ ಆರ್ಡರು. ಮಿಲಿಟರಿ ಲಾಂಚು ಕತ್ತಲೆಯಲ್ಲಿ ಬಂದು ಯಾರು ಅಂತ ಕೇಳುತ್ತದೆ. ನಂಬರು ತಪ್ಪಿದರೆ ಗುಂಡು.”

“ನಂಬರು ನೆನಪುಂಟಾ?”

ತಪ್ಪಿದರೆ ಗುಂಡು ಎಂದವರನ್ನು ಕೇಳುವ ಪ್ರಶ್ನೆಯಲ್ಲ ಅದು. ಬೂಬಜ್ಜ ಊರುಗೋಲನ್ನು ಮಗಳ ಕೈಗೆ ಕೊಟ್ಟರು. ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು ಕಡಲ ಕಡೆಗೆ ತಿರುಗಿದರು.

“ಫೋರ್ ವನ್ ಸೆವೆನ್ ಟೂ! ರೈಸ್ ಆಂಡ್ ಟೈಲ್ಸ್! ಫ್ರೆಂಡ್, ಸಾಹೇಬ್, ಫ್ರೆಂಡ್!”

ಶಾಮಿಯಾನದ ಮೇಲಿನ ಕಾಗೆಗಳು ಹಾರಿಹೋದವು. ಮೈಕು ನೋಡಿಕೊಳ್ಳುತ್ತಿದ್ದ ಹುಡುಗ ಡೆರಿಕ್ ಗಾಬರಿಯಿಂದ ಸ್ವರ ತಗ್ಗಿಸಲು ಓಡಿದ. ಅಜ್ಜನ ಮುಂದೆ ಮೈಕೇ ಇರಲಿಲ್ಲ.

ಲೊರ್ನಾ ಅಂಗೈಯಲ್ಲಿ 4172 ಎಂದು ಬರೆದುಕೊಂಡರು. “ಅಗೆಯಿರಿ.”

ಸಮಿತಿಯವರು ಅಗೆದರು. ಮೊದಲು ಹೊರಗೆ ಬಂದದ್ದು ಅವರದೇ ಎರಡು ವರ್ಷದ ಇತಿಹಾಸ: ಚಾದ ಕಪ್ಪುಗಳು, ಗೋಳಿಬಜೆಯ ಎಣ್ಣೆಕಾಗದ, ಹಯಗ್ರೀವ ಭಟ್ಟರು ಕಳ್ಳತನವಾಯಿತೆಂದು ಇಡೀ ಎರ್ಮಾಳನ್ನು ಸಂಶಯಿಸಿದ್ದ ಎಡಗಾಲಿನ ಚಪ್ಪಲಿ. ಅದರ ಅಡಿಯಲ್ಲಿ ಹೊಯಿಗೆ. ಹೊಯಿಗೆಯ ಅಡಿಯಲ್ಲಿ ಕಪ್ಪು ತೊಲೆ. ರಘುವೀರ ಟೋಪಿಯನ್ನು ತೆಗೆದು ಅದರಿಂದಲೇ ತೊಲೆಯನ್ನು ಒರೆಸಿದರು. ಬೆರಳಿನಲ್ಲಿ ತಡವಿದರು. ಅಕ್ಷರಗಳ ವಿಷಯದಲ್ಲಿ ಆ ಬೆರಳುಗಳು ತಪ್ಪುವಂಥವಲ್ಲ.

“ನಾಲ್ಕು,” ಎಂದರು. “ಒಂದು. ಏಳು.” ಹೊಯಿಗೆ ಊದಿದರು. “ಎರಡು. ಕೆಳಗೆ ಹತ್ತೊಂಬತ್ತು ನೂರ ನಲವತ್ತೊಂದು.”

ಹಿಂದಿನ ಸಾಲಿನವರ ಕೂಗಿಗೆ ಶಾಮಿಯಾನದ ಒಂದು ಕಂಬ ಬಿತ್ತು. ಲೊರ್ನಾ ಅಲ್ಲಿಯೇ ನಕ್ಷೆ ಬಿಡಿಸಿ, ಕಲ್ಲಿನ ಸಾಲನ್ನು ಹಡಗಿನ ಸುತ್ತ ಬಿಲ್ಲಿನ ಹಾಗೆ ಬಗ್ಗಿಸಿ ಎಳೆದರು. ಭಟ್ಟರು ಶಾಲು ಹಿಡಿದುಕೊಂಡು ಬೂಬಜ್ಜನ ಬಳಿಗೆ ಓಡಿದರು.

“ಅಜ್ಜಾ, ತಪ್ಪಾಯಿತು. ಬನ್ನಿ, ಆ ಕ್ಯಾಪ್ಟನ್‌ನ ಆಸನದಲ್ಲಿ ಕುಳಿತುಕೊಳ್ಳಿ. ಸನ್ಮಾನ ಅಲ್ಲಿಯೇ ಆಗಲಿ.”

ಬೂಬಜ್ಜನ ಮುಖ ಸಂಕೋಚದಿಂದ ಕುಗ್ಗಿತು. “ಅಲ್ಲಿ ಬೇಡ ಭಟ್ರೆ.”

“ಯಾಕೆ? ನಿಮಗಲ್ಲದೆ ಇನ್ನು ಯಾರಿಗೆ?”

“ಎಲ್ಲರಿಗೂ ಅದೇ. ಹಡಗಿನ ಹೊರಗೆ ಚಾಚಿದ್ದು ನೋಡಿ, ನಡುವೆ ಕಿಂಡಿ, ಅಡಿಯಲ್ಲಿ ಕಡಲು. ಬೆಳಗ್ಗೆ ಎದ್ದ ಕೂಡಲೇ ನಾವು ಒಬ್ಬೊಬ್ಬರಾಗಿ ಹೋಗಿ ಕುಳಿತುಕೊಳ್ಳುತ್ತಿದ್ದುದು ಅಲ್ಲಿ.”

ಆಮೇಲೆ ಎರಡು ವರ್ಷದಿಂದ ತಡೆದುಕೊಂಡಿದ್ದ ಎರ್ಮಾಳು ನಕ್ಕಿತು. ಬಲೆಯವರು ಹೊಯಿಗೆಯ ಮೇಲೆ ಕುಳಿತು ನಕ್ಕರು.

“ಅವತ್ತು ಫೋಟೋ ತೆಗೆಯುವಾಗ ಹೇಳಬಾರದಿತ್ತಾ ಅಜ್ಜಾ?” ರಘುವೀರರ ಸ್ವರ ಕ್ಷೀಣವಾಗಿತ್ತು.

“ಅಲ್ಲಿ ಕುಳಿತವರನ್ನು ನಡುವೆ ಏಳಿಸಬಾರದು ಮಗಾ. ಅದು ಹಡಗಿನ ಮರ್ಯಾದೆ.”

ಶಾಲನ್ನು ಬೂಬಜ್ಜ ಹೊದೆದುಕೊಳ್ಳಲಿಲ್ಲ. ಹಡಗಿನ ನಿಜವಾದ ತಲೆಯ ಮೇಲೆ ಹರಡಿದರು. “ಒಂದು ರಾತ್ರಿ ನಮ್ಮ ಹಿಂದೆ ಇನ್ನೊಂದು ಮಂಜಿ ಬರ್ತಾ ಇತ್ತು. ಏಳು ಜನ. ಬೆಳಗಾದಾಗ ಹಿಂದೆ ಕಡಲು ಮಾತ್ರ ಇತ್ತು. ಅವರ ಹೆಸರು ಎಲ್ಲಿಯೂ ಬರೆದಿಲ್ಲ. ಇಲ್ಲಿ ಬರೆಯಲು ಬರುವವರು ಯಾರಿದ್ದೀರಿ?”

ರಘುವೀರ ಸನ್ಮಾನ ಪತ್ರವನ್ನು ಮಗುಚಿದರು. ಸಾಗರಸಿಂಹ ಕೆಳಗಾದ. ಬೂಬಜ್ಜ ಒಂದೊಂದೇ ಹೆಸರು ಹೇಳಿದರು, ಮನೆಯ ಹೆಸರಿನೊಂದಿಗೆ, ತಂದೆಯ ಹೆಸರಿನೊಂದಿಗೆ. ರಘುವೀರ ಬರೆದರು. ಏಳನೆಯ ಹೆಸರಿಗೆ ಬರುವಷ್ಟರಲ್ಲಿ ನಗು ನಿಂತಿತ್ತು. ಕಾರ್ಕಳದ ಅತ್ತೆ ಎದ್ದು ನಿಂತದ್ದನ್ನು ನೋಡಿ ಎಲ್ಲರೂ ಎದ್ದರು.

ಆ ಹಾಳೆ ಗಾಜಿನೊಳಗೆ ಈಗಲೂ ಹಡಗಿನ ಬಳಿ ಇದೆ. ತಡೆಗೋಡೆ ಅದರ ಹತ್ತಿರ ಬಂದಾಗ ಸುತ್ತು ಬಳಸಿ ಮುಂದೆ ಹೋಗುತ್ತದೆ. ಆದಿತ್ಯವಾರ ಬೂಬಜ್ಜ ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡುತ್ತಾರೆ. ಹಯಗ್ರೀವ ಭಟ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೂತಾಯಿ ಎಣ್ಣೆ ಹಚ್ಚುತ್ತಾರೆ. ಇರುವೆಗಳು ಹೋಗಿವೆ, ಇನ್ನಂಜೆಯ ಬೆಕ್ಕುಗಳೆಲ್ಲ ಈಗ ಭಟ್ಟರ ಮನೆಯಂಗಳದಲ್ಲಿವೆ. ರೂಪೇಶನ ಪತ್ರಿಕೆ ದೊಡ್ಡ ಚಿತ್ರ ಹಾಕಿ ಎಲ್ಲ ತಪ್ಪುಗಳನ್ನೂ ತಿದ್ದಿತು, ಅಡಿಬರಹದಲ್ಲಿ ಮಾತ್ರ ‘ಕುರ್ಚಿಯಲ್ಲಿ ಕುಳಿತವರು ರಘುವೀರ (98)’ ಎಂದಿತ್ತು.

ಚಾವಡಿಯ ಫೋಟೋವನ್ನು ತೆಗೆಯಲು ರಘುವೀರ ಮೂರು ಸಲ ಪ್ರಯತ್ನಿಸಿದರು. ಶ್ರೀವಾಣಿ ಬಿಡಲಿಲ್ಲ. ಪ್ರತಿ ಶುಕ್ರವಾರ ಧೂಳು ಒರೆಸುತ್ತಾಳೆ. ಮನೆಗೆ ಬಂದವರು ಟೋಪಿಯನ್ನೂ, ಹುಬ್ಬಿನ ಮೇಲಿನ ಕೈಯನ್ನೂ, ದೂರ ನೆಟ್ಟ ದೃಷ್ಟಿಯನ್ನೂ ನೋಡಿ, ಇದು ಯಾವಾಗ ತೆಗೆದದ್ದು ಎಂದು ಕೇಳುತ್ತಾರೆ.

“ಅದಾ?” ಎನ್ನುತ್ತಾಳೆ ಶ್ರೀವಾಣಿ, ಕಾಫಿ ಲೋಟ ಮುಂದಿಡುತ್ತ. “ಒಂದು ದಿನ ಬೆಳಗ್ಗೆ. ಇವರು ಎದ್ದ ಕೂಡಲೇ.”